ಮಳೆ ಹಿಡಿಯುವವರೆಗೆ

ಕೇಣಿ, ಅಂಕೋಲಾ
ಏಪ್ರಿಲ್ ೧೨

ಪ್ರೀತಿಯ ಮಂಗಲಕ್ಕಾ,

ಮಳೆ ಹಿಡಿಯುವವರೆಗೆ ನನ್ನ ಮಗಳು ತನ್ವಿ ಹಿಲ್ಲೂರಿನಲ್ಲಿ ನಿನ್ನ ಹತ್ತಿರವೇ ಇರಲಿ. ಭೂಮಿ ಬಿಸಿಯಾದರೆ ಕಡಲು ಏರುತ್ತದೆ ಎಂದು ಪರೀಕ್ಷೆಯಲ್ಲಿ ಬರೆದವಳು ನಾನು. ಈಗ ಆ ಕಡಲಿನ ಉಪ್ಪು ನಮ್ಮ ಬಾವಿಗೇ ಇಳಿದಿದೆ. ಕುದಿಸಿದರೆ ಸರಿಹೋಗುತ್ತದೆಂದು ಮಗುವಿಗೆ ಅದನ್ನೇ ಕುಡಿಸಿ ಆಸ್ಪತ್ರೆಗೆ ಸೇರಿಸಿದೆ. ನಿನ್ನ ಸಿಹಿನೀರಿನ ಬಾವಿ ನೆನೆದರೆ ಹೊಟ್ಟೆ ಉರಿಯುತ್ತದೆ, ಅಕ್ಕಾ.

ನಿನ್ನೆ ಫೋನಿನಲ್ಲಿ ಅವಳು ನಿನ್ನನ್ನು "ಆಯಿ" ಎಂದು ಕರೆದದ್ದು ಕೇಳಿಸಿತು. "ಮಳ್ಳಿ, ಕೂಸು ಬಾಯ್ತಪ್ಪಿ ಅಂತದೆ, ಬಿಡೇ" ಎಂದು ನೀನು ನಕ್ಕೆ. ಆ ನಗುವಿಗೇ ನನಗೆ ನಿದ್ದೆ ಬರಲಿಲ್ಲ. ಅವಳನ್ನು ಹೆತ್ತ ಆಯಿ ಕೇಣಿಯಲ್ಲಿದ್ದಾಳೆಂದು ದಿನಾ ಹೇಳು. ಹಾಗೆ ಕರೆದಾಗಲೆಲ್ಲ ತಿದ್ದು.

"ಆಯಿ, ನೀರು" ಎಂದರೆ ಮಾತ್ರ ಮೊದಲು ನೀರು ಕೊಡು, ತಿದ್ದುವುದು ಆಮೇಲೆ.

ನಿನ್ನ ತಂಗಿ,
ರಂಜಿತಾ