ಎಡಗೈಯ ಡಬ್ಬಿ

ಗೊಳಸಂಗಿ
೧೪-೧೧-೧೯೭೬

ರಾಚಪ್ಪನವರಿಗೆ ಕಸ್ತೂರೆವ್ವನ ಶರಣು.

ಹೆಂಡತಿ ಗಂಡನ ಹೆಸರು ಬರೆಯಬಾರದು ಎನ್ನುತ್ತಾರೆ. ಬರೆದಿದ್ದೇನೆ, ಸಿಟ್ಟು ಅಷ್ಟಿದೆ.

ನನ್ನ ಕೈ ಎರಡೂ ನೆಟ್ಟಗಾದವೆಂದು ಕೇಳಿ, ಈ ತಿಂಗಳ ಕೊನೆಗೆ ಕರೆದೊಯ್ಯಲು ಬರುತ್ತೇನೆ ಎಂದು ಸಿಂದಗಿಯಿಂದ ಕಾರ್ಡು ಹಾಕಿದ್ದೀರಿ. ಬರಬೇಡಿ.

ಇಸಬು ಎದ್ದು ಕೈ ಒಡೆದು ನೀರು ಸೋರುತ್ತಿದ್ದಾಗ ನಿಮ್ಮ ತಾಯಿ, "ಆ ಕೈಲೆ ಬಡದ ರೊಟ್ಟಿ ನನಗ ಬ್ಯಾಡ" ಎಂದರು. ಇಸಬು ಅಂಟುವ ರೋಗವಲ್ಲವೆಂದು ದವಾಖಾನೆಯ ಕಂಪೌಂಡರಾದ ನಿಮಗೆ ಗೊತ್ತಿತ್ತು. ಬಾಯಿ ಬಿಡಲಿಲ್ಲ. ತವರಿಗೆ ತಂದು ಬಿಟ್ಟಿರಿ. ನಿಮ್ಮ ಡಾಕ್ಟರರು ಹೊಸ ಔಷಧವೊಂದನ್ನು ಪರೀಕ್ಷೆ ಮಾಡುತ್ತಿದ್ದಾರೆ ಎಂದು ಎರಡು ಡಬ್ಬಿ ಮುಲಾಮು ಕೊಟ್ಟಿರಿ. ಒಂದು ಬಲಗೈಗೆ, ಒಂದು ಎಡಗೈಗೆ, ಅದಲುಬದಲು ಮಾಡಕೂಡದು. ಹೊರಡುವಾಗ, "ಎರಡೂ ಕೈ ಸ್ವಚ್ಛ ಆದ್ರ ಕರಕೊಂಡು ಹೋಗ್ತೇನಿ, ಇಲ್ಲಂದ್ರ ಇಲ್ಲೇ ಇರು" ಎಂದಿರಿ.

ಎರಡು ತಿಂಗಳಲ್ಲಿ ಬಲಗೈ ಮಾಯ್ದು ಹೊಸ ಚರ್ಮ ಬಂತು. ಎಡಗೈ ಹಾಗೇ ಉರಿಯಿತು. ಯಾವ ದೇವರಿಗೆ ಏನು ತಪ್ಪಿದೆನೋ ಎಂದು ಅಳುತ್ತ ಕೂತಿದ್ದೆ. ನೋಡಲು ಬಂದ ಡಾಕ್ಟರರೇ ಸಮಾಧಾನ ಮಾಡಿದರು: "ಅಳಬ್ಯಾಡವ್ವ. ಒಂದು ಡಬ್ಬ್ಯಾಗ ಔಷಧ ಇರೂದ ಇಲ್ಲ, ಬರೇ ಮುಲಾಮು. ಯಾವುದ್ರಾಗ ಅನ್ನೂದು ನನಗೂ ಗೊತ್ತಿಲ್ಲ. ಡಬ್ಬಿ ತುಂಬಿದ ನಿಮ್ಮ ಯಜಮಾನರಿಗಷ್ಟ ಗೊತ್ತು."

ಪರೀಕ್ಷೆಗೆ ನನ್ನ ತಕರಾರಿಲ್ಲ. ಆದರೆ ನೀವು ಒಂದೇ ಕೈಗೆ ಔಷಧ ಕೊಟ್ಟು, ಎರಡೂ ಕೈ ವಾಸಿಯಾದರೆ ಮಾತ್ರ ಬಾ ಎಂದಿರಿ! ಕರೆದೊಯ್ಯುವ ಮನಸ್ಸಿಲ್ಲದಿದ್ದರೆ ಬಾಯಿಬಿಟ್ಟು ಹೇಳಬೇಕಿತ್ತು. ನಂಬಿಸಿ ಕುತ್ತಿಗೆ ಕೊಯ್ಯುವುದು ಎಂದರೆ ಇದೇ.

ಹೋದ ವಾರ ಡಾಕ್ಟರರು ಮತ್ತೆ ಬಂದರು. ನನ್ನ ಎರಡೂ ಕೈ ತಿರುಗಿಸಿ ತಿರುಗಿಸಿ ನೋಡಿದರು. ಅವರ ಮುಖ ಇಳಿಯಿತು. "ಬರೇ ಮುಲಾಮಿಗೂ ವಾಸಿ ಆಗ್ತದಂದ್ರ ಈ ಔಷಧದ್ದೇನು ಹೆಚ್ಚು?" ಎಂದು ಬರೆದುಕೊಂಡು ಹೋದರು. ನಾನು ರೊಟ್ಟಿ ಬಡಿಯಲು ಕೂತೆ.

ಇಲ್ಲಿ ಕೈ ಒಡೆದಿದ್ದಾಗಲೂ ನಾನು ಬಡಿದ ರೊಟ್ಟಿಯನ್ನು ನನ್ನವ್ವ ತಿಂದಳು. ನಿಮ್ಮ ತಾಯಿಗೆ ಇನ್ನು ನೀವೇ ಬಡಿದು ಹಾಕಿ.

ಇಂತು,
ಕಸ್ತೂರೆವ್ವ

ತಾ.ಕ.: ಡಬ್ಬಿಯ ಸಂಗತಿ ಗೊತ್ತಾದ ದಿನದಿಂದ ಬಲಗೈಯ ಔಷಧವನ್ನೇ ಎರಡೂ ಕೈಗೆ ಹಚ್ಚಿದೆ. ಎಡಗೈಯ ಮುಲಾಮು ಅಪ್ಪನ ಚಕ್ಕಡಿಯ ಅಚ್ಚಿಗೆ ಹೋಯಿತು. ಆದರೆ ನನ್ನ ಸಿಟ್ಟಿನಿಂದ ಒಳ್ಳೆಯ ಔಷಧಕ್ಕೆ ಕೆಟ್ಟ ಹೆಸರು ಬಂದರೆ ಇನ್ನೆಷ್ಟು ಜನರ ಕೈ ಉರಿಯಬೇಕು? ಅದಕ್ಕೇ ನಿನ್ನೆ ಡಾಕ್ಟರರಿಗೂ ಎಲ್ಲ ಬರೆದು ಹಾಕಿದ್ದೇನೆ. ಔಷಧ ಖರೆ. ಅದನ್ನು ಸುಳ್ಳು ಮಾಡಿದವಳು ನಾನು, ಮಾಡಿಸಿದವರು ನೀವು.