ಬಿಸಿಲಲ್ಲಿ ಬೆಂದ ರಬ್ಬರು

ಮಾರ್ಚ್ ಹನ್ನೆರಡು, ರಾತ್ರಿ.

ಮಧ್ಯಾಹ್ನ ನನ್ನ ಅಂಗಡಿಯಲ್ಲಿ ಅಳಿಯನ ಲಾರಿಗೆ ಪಂಕ್ಚರ್ ಹಾಕಿ, ಕೈ ಒರೆಸಲು ಬಟ್ಟೆ ಹುಡುಕುವಾಗ ಮುಂದಿನ ಗಾಜಿನ ಕೆಳಗೆ, ಸುಡು ಬಿಸಿಲಲ್ಲಿ, ಅರ್ಧ ಖಾಲಿಯಾದ ಕಾಂಡೋಮ್ ಪೊಟ್ಟಣ ಕಂಡಿತು. ಅವನ ಮುಂದೆ ಹಿಡಿದೆ.

"ದಾರೀಲಿ ತಪ್ಪಾಯ್ತು ಮಾವ. ಆದ್ರೆ ಹಾಕ್ಕೊಂಡೇ ಇದ್ದೆ."

"ಹಳೇ ಟ್ಯೂಬನ್ನೂ ನೆರಳಲ್ಲಿಡೋನು ನಾನು. ಬೆಂದ ರಬ್ಬರು ಹರಿಯದೆ ಇರುತ್ತೇನೋ ಮಹಾರಾಯ?"

"ಒಂದ್ಸಲ ಹರೀತು," ಎಂದು ತಲೆ ತಗ್ಗಿಸಿದ.

"ನಾಳೆನೇ ಆಸ್ಪತ್ರೆಗೆ ತೋರಿಸು. ಪರೀಕ್ಷೆ ಮುಗಿಯೋವರೆಗೂ ಹೊಸ ಕಾಂಡೋಮ್ ಇಲ್ದೆ ನನ್ನ ಮಗಳ ಹತ್ರ ಸುಳೀಬೇಡ."

ಹೂಂ ಎಂದ. ಔಷಧದ ಅಂಗಡಿಯಿಂದ ಹೊಸ ಪೊಟ್ಟಣ ತಂದು, ಮನೆಯಲ್ಲಿ ಅವನ ಊಟದ ಡಬ್ಬಿಯ ಪಕ್ಕ ಇಟ್ಟೆ.

ಈಗ ನೋಡಿದರೆ ಡಬ್ಬಿಯೂ ಅಲ್ಲೇ, ಪೊಟ್ಟಣವೂ ಒಡೆಯದೆ ಅಲ್ಲೇ. ಮಗಳು ಅಳಿಯನ ಕೋಣೆಯ ದೀಪ ಆರಿದೆ. ಬಾಗಿಲು ತಟ್ಟಿದರೆ ಏನಪ್ಪಾ ಎಂದು ಕೇಳುವವಳು ಮಗಳು. ತಟ್ಟದಿದ್ದರೆ ರೋಗ ತಗಲಬಹುದಾದವಳೂ ಅವಳೇ.