ನವಿಲುಗಲ್ಲು ಗುಡ್ಡ ಬೈಯಲು ಕಲಿತದ್ದು

ಉದ್ದಬೇಸಿಗೆ ಎಣಿಕೆಯ ಇನ್ನೂರ ಹತ್ತೊಂಬತ್ತನೆಯ ವರ್ಷ,
ವೈಶಾಖದ ಮೂವತ್ತೇಳನೆಯ ದಿನ, ನವಿಲುಗಲ್ಲು

ನಮಗಿಂತ ಬಹಳ ಮೊದಲು ಹುಟ್ಟಿದವರೇ,

ತಾರೀಖು ನೋಡಿ ಗಾಬರಿಯಾಗಬೇಡಿ. ಬೇಸಿಗೆ ಉದ್ದವಾಗುತ್ತಾ ಹೋದಾಗ ನಮ್ಮ ಹಿರಿಯರು ವೈಶಾಖಕ್ಕೆ ಒಂದು ವಾರ ಹೆಚ್ಚಿಗೆ ಕೊಟ್ಟು, ಅದನ್ನು ಮಾಘದಿಂದ ಕಿತ್ತುಕೊಂಡರು. ಮಾಘದ ಕೊನೆಯಲ್ಲಿ ಹುಟ್ಟಬೇಕಾಗಿದ್ದವರು ಯಾವ ದಿನ ಪಾಯಸ ಮಾಡಬೇಕೆಂದು ಇನ್ನೂ ಗೊಣಗುತ್ತಾರೆ. ಈ ಕಾಗದದ ಕೆಲವು ಮಾತುಗಳೂ ನಿಮಗೆ ವಿಚಿತ್ರವಾಗಿ ಕೇಳಿಸಬಹುದು; ಅದಕ್ಕೆ ಮೊದಲೇ ಕ್ಷಮೆ ಕೇಳುತ್ತೇನೆ. ನಮ್ಮಲ್ಲಿ ಕಾಲೇಜು ಮುಗಿಸಿದವರು ಹಿಂದಿನ ಕಾಲದವರಿಗೆ ಒಂದು ಕಾಗದ ಬರೆಯಬೇಕೆಂಬ ಪದ್ಧತಿಯಿದೆ. ಅದು ನಿಮ್ಮನ್ನು ಹೇಗೆ ತಲುಪುತ್ತದೆಂದು ನಾನು ಕೇಳಲಿಲ್ಲ. ನಾಲ್ಕು ಜನರ ಮುಂದೆ ಪ್ರಶ್ನೆ ಕೇಳುವುದೆಂದರೆ ನನಗೆ ಮೊದಲಿನಿಂದಲೂ ಆಗದು. ಬರೆಯುವುದಾದರೆ ಆದೀತು.

ನನ್ನ ಹೆಸರು ಹೊನ್ನಾಜಮ್ಮ. ಸಾಹಿತ್ಯ ಓದಿದ್ದೇನೆ. ನಮ್ಮೂರು ಕೊಳ್ಳೇಗಾಲದ ಆಚೆಯ ಕಾಡುಗುಡ್ಡಗಳ ನಡುವೆ ಇದೆ. ಊರಿಗೆ ರಸ್ತೆಯಿಲ್ಲ. ಆನೆಗಳು ಓಡಾಡಲೆಂದು ಅಜ್ಜಂದಿರ ಕಾಲದಲ್ಲಿಯೇ ರಸ್ತೆಯನ್ನು ಕಾಡಿಗೆ ಬಿಟ್ಟುಕೊಟ್ಟೆವು. ಅದರ ಬದಲು ನಮಗೆ ಗುಬ್ಬಿಗಾಡಿ ಇದೆ. ಗುಬ್ಬಿಗಾಡಿಯೆಂದರೆ ನಾಲ್ಕು ಜನ ಕೂರುವ ಸಣ್ಣ ವಿಮಾನ. ಔಷಧ, ಅಂಚೆ, ಮೇಷ್ಟ್ರು, ಮದುವೆ ಸೀರೆ, ಒಮ್ಮೆ ಎರಡು ಮೇಕೆ, ಎಲ್ಲವೂ ಅದರಲ್ಲೇ ಬರುತ್ತವೆ. ಊರ ಕೆಳಗಿನ ಹುಲ್ಲುಪಟ್ಟಿಯಲ್ಲಿ ಅದು ಇಳಿಯುತ್ತದೆ. ಹುಲ್ಲು ಎತ್ತರವಾಗದಂತೆ ಕುರಿಗಳು ನೋಡಿಕೊಳ್ಳುತ್ತವೆ. ಗಾಡಿಯ ಸದ್ದು ಕೇಳಿದೊಡನೆ ಅವು ತಾವಾಗಿಯೇ ಪಕ್ಕಕ್ಕೆ ಸರಿದು, ಇಳಿದವರನ್ನು ಮದುವೆ ಮನೆಯ ಹೆಂಗಸರಂತೆ ಮೇಲಿಂದ ಕೆಳಗೆ ನೋಡುತ್ತವೆ. ಪಟ್ಟಿಯ ಪಕ್ಕದಲ್ಲೇ ನವಿಲುಗಲ್ಲು ಗುಡ್ಡ. ಬಿಸಿಲಿನಲ್ಲಿ ನೋಡಿದರೆ ಅದರಷ್ಟು ಸಾಧುವಾದ ಗುಡ್ಡ ಇನ್ನೊಂದಿಲ್ಲ. ಮೋಡ ಕವಿದರೆ ಅದು ಇದ್ದ ಜಾಗವೇ ತಿಳಿಯುವುದಿಲ್ಲ.

ಆದ್ದರಿಂದ ಪ್ರತಿ ಗುಬ್ಬಿಗಾಡಿಯಲ್ಲೂ ಒಂದು ನೆಲಗಾವಲು ಇರುತ್ತದೆ. ನಿಮ್ಮ ಕಾಲದ ಸಣ್ಣ ವಿಮಾನಗಳಲ್ಲೂ ಇಂಥ ಯಂತ್ರ ಇತ್ತೆಂದು ಓದಿದ್ದೇನೆ. ಗಾಡಿ ಈಗ ಎಲ್ಲಿದೆ, ಎಷ್ಟು ಎತ್ತರದಲ್ಲಿದೆ, ಯಾವ ಕಡೆಗೆ ಹೋಗುತ್ತಿದೆ ಎಂಬುದನ್ನು ಅದು ಸದಾ ಲೆಕ್ಕ ಹಾಕುತ್ತಿರುತ್ತದೆ. ಸುತ್ತಲಿನ ಬೆಟ್ಟ, ಕಣಿವೆ, ಕಂಬ, ಗೋಪುರಗಳೆಲ್ಲ ಅದರ ನೆನಪಿನಲ್ಲಿರುತ್ತವೆ. ಮುಂದಿರುವ ನೆಲ ಹತ್ತಿರವಾಗುತ್ತಿದ್ದರೆ ಎದುರಿನ ನಕ್ಷೆಯಲ್ಲಿ ಅದಕ್ಕೆ ಹಳದಿ ಬಳಿಯುತ್ತದೆ. ಇನ್ನೂ ಹತ್ತಿರವಾದರೆ ಕೆಂಪು ಬಳಿದು ಮಾತಾಡುತ್ತದೆ. ಪ್ರತಿವರ್ಷ ಬೇಸಿಗೆಯ ಮೊದಲ ವಾರ ಊರವರೆಲ್ಲ ಗುಡ್ಡ ಹತ್ತಿ, ಯಾವ ಮರ ಎಷ್ಟು ಬೆಳೆದಿದೆ, ಹೊಸದಾಗಿ ಎಲ್ಲಿ ಕಂಬ ನೆಟ್ಟಿದ್ದಾರೆ ಎಂದು ನೋಡಿ ಬಂದು ನೆಲಗಾವಲಿಗೆ ತಿಳಿಸುತ್ತೇವೆ. ಇದನ್ನು ಗುಡ್ಡ ಒಪ್ಪಿಸುವುದು ಎನ್ನುತ್ತೇವೆ. ನಿಜ ಹೇಳಬೇಕೆಂದರೆ ಅರ್ಧ ಜನ ಬರುವುದು ಮೇಲೆ ಹಂಚುವ ಪುಳಿಯೋಗರೆಗೆ.

ನಮ್ಮ ನೆಲಗಾವಲಿಗೂ ನಿಮ್ಮದಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ. ನಿಮ್ಮ ಕಾಲದಲ್ಲಿ ಅದು ಎಲ್ಲ ಬೆಟ್ಟಗಳಿಗೂ ಒಂದೇ ದನಿಯಲ್ಲಿ ಮಾತಾಡುತ್ತಿತ್ತಂತೆ. ಪರಿಚಯದ ಪಟ್ಟಿಗೆ ಇಳಿಯುವಾಗಲೂ ಅದು ಕೂಗಿಕೊಳ್ಳುತ್ತಿತ್ತು, ಚಾಲಕರು ಬೇಸತ್ತು ಗುಂಡಿ ಒತ್ತಿ ಅದರ ಬಾಯಿ ಮುಚ್ಚಿಸುತ್ತಿದ್ದರು ಎಂದು ಓದಿದ್ದೇನೆ. ಯಂತ್ರದ ಬಾಯಿ ಮುಚ್ಚಿಸಬಹುದು, ನೆರೆಮನೆಯವರ ಬಾಯಿ ಮುಚ್ಚಿಸಲಾಗದು ಎಂದು ನಮ್ಮ ಹಿರಿಯರು ಯೋಚಿಸಿದರು. ಈಗ ಪ್ರತಿ ಗುಡ್ಡವೂ ತನ್ನ ಬುಡದಲ್ಲಿ ವಾಸಿಸುವ ಒಬ್ಬರ ದನಿಯಲ್ಲಿ ಎಚ್ಚರಿಸುತ್ತದೆ. ಯಾರ ದನಿ ಎಂಬುದನ್ನು ಊರೇ ಆರಿಸಬೇಕು. ದನಿಯಿಲ್ಲದ ಗುಡ್ಡದ ಪಕ್ಕ ಮಳೆಗಾಲದಲ್ಲಿ ಯಾವ ಗಾಡಿಯೂ ಇಳಿಯುವಂತಿಲ್ಲ.

ನಮ್ಮ ಗುಡ್ಡದ ದನಿಯಾಗಿದ್ದ ಬಸಪ್ಪಜ್ಜ ಕಳೆದ ವರ್ಷ ತೀರಿಕೊಂಡರು. ತೀರಿಕೊಂಡವರ ದನಿಯನ್ನು ಅವರ ಮನೆಯವರಿಗೆ ಹಿಂದಿರುಗಿಸುವುದು ನಮ್ಮ ರೂಢಿ. ಹೀಗಾಗಿ ಗುಡ್ಡ ಮೂಕವಾಯಿತು. ಮಳೆ ಬರುವುದರೊಳಗೆ ಹೊಸ ದನಿ ಪರೀಕ್ಷೆಯಲ್ಲಿ ಪಾಸಾಗದಿದ್ದರೆ ಪಟ್ಟಿ ಮುಚ್ಚುತ್ತಿತ್ತು. ನಮ್ಮಕ್ಕ ಪುಟ್ಟಗೌರಿಗೆ ಅದೇ ಚಿಂತೆ. ಅವಳು ಗುಬ್ಬಿಗಾಡಿ ಕಲಿತದ್ದೇ ನಮ್ಮೂರಿಗೆ ಹಾರಿಸಲೆಂದು. ವರ್ಷಗಟ್ಟಲೆ ಬಯಲುಸೀಮೆಯಲ್ಲಿ ಕೊತ್ತಂಬರಿ ಸೊಪ್ಪು ಸಾಗಿಸಿದ ಮೇಲೆ ಈ ಬೇಸಿಗೆಯಲ್ಲಿ ಅವಳಿಗೆ ನಮ್ಮ ದಾರಿ ಸಿಕ್ಕಿತ್ತು. ಪಟ್ಟಿ ಮುಚ್ಚಿದರೆ ಅವಳು ಮತ್ತೆ ಕೊತ್ತಂಬರಿಗೆ, ಊರು ಮಳೆಗಾಲ ಪೂರ್ತಿ ಒಂಟಿ.

ಊರು ಒಂದೇ ಮಾತಿನಲ್ಲಿ ದುಂಡಮ್ಮನನ್ನು ಆರಿಸಿತು. ದುಂಡಮ್ಮ ನಮ್ಮ ಪಕ್ಕದ ಮನೆಯವರು, ನಮಗೆಲ್ಲ ಚಿಕ್ಕವ್ವ. ಅವರು ಹಿತ್ತಿಲಲ್ಲಿ ಮಾತಾಡಿದರೆ ಹೊಳೆಯ ಆಚೆಯವರು ಉತ್ತರ ಕೊಡುತ್ತಾರೆ. ಹೇಳಬೇಕಾದ ಮಾತನ್ನು ಬರೆದುಕೊಡುವ ಕೆಲಸ ಸಾಹಿತ್ಯ ಓದಿದವಳೆಂದು ನನ್ನ ಪಾಲಿಗೆ ಬಂತು. ನಾನು ಆದಷ್ಟು ಚಿಕ್ಕದಾಗಿ ಬರೆದೆ: "ನೆಲ ಹತ್ತಿರ. ದೂರ ಹೋಗು. ಮೇಲೆತ್ತು."

ಚಿಕ್ಕವ್ವ ಅದನ್ನು ಓದಿಸಿಕೊಂಡು ಕೇಳಿ ಕೆನ್ನೆಗೆ ಕೈ ಹಚ್ಚಿದರು.

"ಬಾಗ್ಲಿಗೆ ಬಂದೋರ್ನ ದೂರ ಹೋಗು ಅನ್ನಾಕಾದದಾ ಕೂಸೆ? ನನ್ ನಾಲ್ಗೆ ತಿರುಗಲ್ಲ ಕನ."

"ಅವ್ರು ಬಾಗ್ಲಿಗೆ ಬರ್ತಿಲ್ಲ ಚಿಕ್ಕವ್ವ, ಗುಡ್ಡಕ್ಕೆ ಗುದ್ದಾಕೆ ಬರ್ತಾವ್ರೆ," ಎಂದಳು ಅಕ್ಕ.

"ಯಾತಕ್ಕಾದ್ರೂ ಬರ್ಲಿ, ಬಂದೋರು ಬಂದೋರೇ."

ಇದು ಚಿಕ್ಕವ್ವನ ಹಟವಲ್ಲ. ನಮ್ಮೂರಿಗೆ ಜನ ಬರುವುದೇ ಅಪರೂಪ; ಬಂದವರಿಗೆ 'ಹೋಗು' ಎಂಬ ಮಾತನ್ನು ಇಲ್ಲಿ ಯಾರೂ ಆಡುವುದಿಲ್ಲ. ಕೊನೆಗೆ ಅವರು ತಮಗೆ ಒಗ್ಗಿದಂತೆ ಹೇಳಿ ದನಿ ಮುದ್ರಿಸಿದರು: "ಬನ್ನಿ ಸ್ವಾಮಿ, ಬನ್ನಿ. ವಸಿ ಮ್ಯಾಲಿಂದ ಬನ್ನಿ." ವಸಿ ಎಂದರೆ ನಮ್ಮಲ್ಲಿ ಸ್ವಲ್ಪ. ದನಿಯಲ್ಲಿ ಎಷ್ಟು ಅಕ್ಕರೆಯಿತ್ತೆಂದರೆ, ಕೇಳಿದ ನನಗೆ ಹಸಿವಾಯಿತು. ತಿದ್ದಬೇಕೆನಿಸಿತು. ಆದರೆ ಹಿರಿಯರಿಗೆ ಹಾಗೆ ಹೇಳುವುದು ಹೇಗೆಂದು ತಿಳಿಯದೆ ಸುಮ್ಮನಾದೆ.

ಪರೀಕ್ಷೆ ನಡೆಯುವುದು ಸುಳ್ಳುಗೂಡಿನಲ್ಲಿ. ಅದು ನೆಲ ಬಿಟ್ಟೇಳದ ಗಾಡಿ; ಒಳಗೆ ಕೂತವರಿಗೆ ಮಾತ್ರ ಹಾರಿದಂತೆ ಅನಿಸುತ್ತದೆ. ಮೈಸೂರಿನಿಂದ ಇನಾಯತ್ ಸಾಹೇಬರು ಪರೀಕ್ಷಕರಾಗಿ ಬಂದಿದ್ದರು. ಎತ್ತರದ, ಮೆತ್ತಗೆ ಮಾತಾಡುವ ಮನುಷ್ಯ. ಅಕ್ಕ ಒಳಗೆ ಕೂತಳು. ಸುಳ್ಳು ಮೋಡ ಕವಿಯಿತು, ಸುಳ್ಳು ಗುಡ್ಡ ಎದುರಾಯಿತು, ನಕ್ಷೆ ಕೆಂಪಾಯಿತು. "ಬನ್ನಿ ಸ್ವಾಮಿ, ಬನ್ನಿ..." ಎಂದಿತು ಚಿಕ್ಕವ್ವನ ದನಿ. ಅಕ್ಕನ ಮುಖ ಅರಳಿತು. "ಬಂದೆ ಚಿಕ್ಕವ್ವ, ಉಂಡ್ಕಂಡೇ ಬಂದಿವ್ನಿ" ಎಂದು ಉತ್ತರ ಕೊಟ್ಟು ನೇರವಾಗಿ ಗುಡ್ಡಕ್ಕೆ ಗುದ್ದಿದಳು.

ಹೊರಗೆ ನಿಂತಿದ್ದ ಊರವರು ನಕ್ಕು ನಕ್ಕು ಕುಸಿದರು. ಅಕ್ಕ ಮಾತ್ರ ಹೊರಗೆ ಬಂದವಳೇ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಮೂಡಣದಲ್ಲಿ ಆಗಲೇ ಮೋಡ ಕಟ್ಟುತ್ತಿತ್ತು.

"ತಪ್ಪು ನಿಮ್ಮದಲ್ಲಮ್ಮ," ಎಂದರು ಇನಾಯತ್ ಸಾಹೇಬರು. "ಎಚ್ಚರಿಕೆ ಕೇಳಿದಾಗ ಯೋಚನೆಗೆ ಮೊದಲು ಕೈ ಆಡಬೇಕು. ಈ ದನಿ ಕೇಳಿದರೆ ಕೈ ತೊಳೆದುಕೊಂಡು ಊಟಕ್ಕೆ ಕೂರೋಣ ಅನ್ನಿಸುತ್ತೆ. ನಾಳೆ ಇನ್ನೊಂದು ಸಲ ನೋಡೋಣ. ನಾಡಿದ್ದು ನಾನು ಹೊರಡಲೇಬೇಕು."

ಮರುದಿನ ಚಿಕ್ಕವ್ವನ ಮನೆಯ ಹಿಂದಿನ ಹಾಸುಬಂಡೆಯ ಮೇಲೆ ಮುದ್ರಣಕ್ಕೆ ಕೂತೆವು. ಒಳಗಡೆಗಿಂತ ಬಯಲಿನಲ್ಲಿ ದನಿಗೆ ಗಡಸು ಬಂದೀತೆಂಬ ಆಸೆ. ಮಳೆಗೆ ಮೊದಲು ಒಣಗಬೇಕೆಂದು ಚಿಕ್ಕವ್ವ ಹಳೆಯ ಸೀರೆಯ ಮೇಲೆ ಸಂಡಿಗೆ ಇಟ್ಟಿದ್ದರು. ಮುದ್ರಣಪೆಟ್ಟಿಗೆ ನನ್ನ ತೊಡೆಯ ಮೇಲೆ ತೆರೆದಿತ್ತು. ಚಿಕ್ಕವ್ವ ಪಾಪ ಎಷ್ಟು ಪ್ರಯತ್ನಪಟ್ಟರೂ 'ಮೇಲೆತ್ತು' ಎನ್ನುವಾಗ ಹಿಂದೆ ಒಂದು 'ಸ್ವಾಮಿ' ಸೇರುತ್ತಿತ್ತು, ಮುಂದೆ ಒಂದು ನಗು ಸೇರುತ್ತಿತ್ತು. "ಕೋಪ ಬರೋ ಯಾರನ್ನಾದರೂ ನೆನೆಸಿಕೊಳ್ಳಿ ಅಮ್ಮ" ಎಂದರು ಸಾಹೇಬರು. ಚಿಕ್ಕವ್ವ ಬಹಳ ಹೊತ್ತು ಯೋಚಿಸಿ, "ಎಲ್ಲಾ ಸತ್ತೋದ್ರು ಸ್ವಾಮಿ, ಪಾಪ ಒಳ್ಳೇವ್ರೇ" ಎಂದರು.

ಆ ಹೊತ್ತಿಗೆ ಅಕ್ಕ ಅಭ್ಯಾಸಕ್ಕೆಂದು ಹಾರಿಸಿಕೊಂಡು ಹೋಗಿದ್ದ ಗಾಡಿ ತಲೆಯ ಮೇಲೆ ಬಂತು. ಸಾಹೇಬರು ಎದ್ದು, ಕಣ್ಣಿಗೆ ಕೈ ಮರೆ ಹಿಡಿದು ಅದನ್ನೇ ನೋಡುತ್ತಾ ಹಿಂದಕ್ಕೆ ಒಂದು ಹೆಜ್ಜೆ ಇಟ್ಟರು. ಇನ್ನೊಂದು ಇಟ್ಟರು. ಹಿಂದೆ ಸಂಡಿಗೆಯಿತ್ತು. ನಾನು ನೋಡಿದೆ, ಬಾಯಿ ತೆರೆದೆ, ಎಂದಿನಂತೆ ದನಿ ಹೊರಡಲಿಲ್ಲ.

"ಏಯ್! ಎತ್ತು! ಎತ್ತು ಮ್ಯಾಕೆ!"

ಚಿಕ್ಕವ್ವನ ಆ ಕೂಗನ್ನು ಗುಡ್ಡ ತಿರುಗಿ ಕೂಗಿತು. ಕಾಗೆಗಳು ಎದ್ದವು. ಹುಲ್ಲುಪಟ್ಟಿಯಲ್ಲಿದ್ದ ಕುರಿಗಳು ಪಕ್ಕಕ್ಕೆ ಓಡಿದವು. ಪರೀಕ್ಷಕರು ಒಂದು ಕಾಲನ್ನು ಗಾಳಿಯಲ್ಲಿ ಎತ್ತಿ ಕೊಕ್ಕರೆಯಂತೆ ನಿಂತಿದ್ದರು. ಏಕೆ ಎತ್ತಿದ್ದೇನೆಂದು ಅವರಿಗೇ ತಿಳಿದಿರಲಿಲ್ಲ. ನಿಧಾನವಾಗಿ ಕೆಳಗೆ ನೋಡಿದರು. ಪಾದದಡಿಯಲ್ಲಿ ಸಂಡಿಗೆ ಹಾಗೇ ಬೆಳ್ಳಗೆ, ದುಂಡಗೆ ಕೂತಿತ್ತು.

ಚಿಕ್ಕವ್ವ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡರು. "ಅಯ್ಯಯ್ಯೋ, ದೊಡ್ಡ ಮನುಷ್ಯರ್ನ ಏಯ್ ಅಂದ್ಬುಟ್ನಲ್ಲಪ್ಪಾ! ತಪ್ಪಾಯ್ತು ಸ್ವಾಮಿ, ತಪ್ಪಾಯ್ತು!"

ಸಾಹೇಬರು ಕಾಲನ್ನು ಇನ್ನೂ ಇಳಿಸಿರಲಿಲ್ಲ. ನನ್ನ ಕಡೆ ತಿರುಗಿ ಕೇಳಿದರು: "ಪೆಟ್ಟಿಗೆ ತೆರೆದಿತ್ತಾ ಮಗಳೇ?"

ನಾನು ತಲೆಯಾಡಿಸಿದೆ. ಅವರು ಒಂಟಿಕಾಲಿನಲ್ಲೇ ನಗಲು ಶುರುಮಾಡಿ, ನಿಲ್ಲಲಾಗದೆ ನನ್ನ ಹೆಗಲು ಹಿಡಿದುಕೊಂಡರು. "ಇದೇ! ನನ್ನ ತಲೆಗೆ ಗೊತ್ತಾಗೋಕೆ ಮೊದಲು ಕಾಲಿಗೆ ಗೊತ್ತಾಯ್ತು. ಇದಕ್ಕಿಂತ ಏನು ಬೇಕು?"

ಸಂಜೆಯೇ ಸುಳ್ಳುಗೂಡಿನಲ್ಲಿ ಅಕ್ಕ, ಆಮೇಲೆ ಪರೀಕ್ಷೆಗೆಂದು ಬಂದಿದ್ದ ಬೇರೆ ಊರಿನ ಚಾಲಕರು, ಕೊನೆಗೆ ಸಾಹೇಬರೇ ಕೂತು ಕೇಳಿದರು. ಎಲ್ಲರ ಕೈಯೂ ಒಂದೇ ಸಲಕ್ಕೆ ಗಾಡಿಯನ್ನು ಎತ್ತಿತು. ದನಿ ಪಾಸಾಯಿತು. ಚಿಕ್ಕವ್ವನ ಒಂದೇ ಷರತ್ತು: ಬೈದು ಹಾಗೇ ಕಳಿಸಬಾರದು. ಆದ್ದರಿಂದ ಅಪಾಯ ಕಳೆದು ಗಾಡಿ ಸಾಕಷ್ಟು ಎತ್ತರಕ್ಕೆ ಏರಿದ ಮೇಲೆ ನಮ್ಮ ಗುಡ್ಡ ಹಳೆಯ ಮುದ್ರಣವನ್ನೂ ನುಡಿಸುತ್ತದೆ. ಇಡೀ ಸೀಮೆಯಲ್ಲಿ ಬೈದು ಊಟಕ್ಕೆ ಕರೆಯುವ ಗುಡ್ಡ ನಮ್ಮದೊಂದೇ.

ನಿನ್ನೆ ಮೊದಲ ಮಳೆ ಬಂತು. ನಾನು ಕೊಳ್ಳೇಗಾಲದಿಂದ ಅಕ್ಕನ ಗಾಡಿಯಲ್ಲಿ ಅಂಚೆಮೂಟೆಯ ಪಕ್ಕ ಕೂತು ಬರುತ್ತಿದ್ದೆ. ಕಣಿವೆಗೆ ತಿರುಗುವ ಹೊತ್ತಿಗೆ ಗಾಜಿನ ಆಚೆ ಹಾಲು ಚೆಲ್ಲಿದಂತೆ ಬಿಳಿ ಬಿಟ್ಟು ಬೇರೇನೂ ಇರಲಿಲ್ಲ. "ಹೆದರ್ಕಬ್ಯಾಡ, ಈ ಗುಡ್ಡದಲ್ಲಿ ನಾನು ಮೇಕೆ ಕಾದವಳು," ಎಂದಳು ಅಕ್ಕ. ಅವಳಿಗೆ ಗುಡ್ಡ ಗೊತ್ತಿತ್ತು. ಗಾಳಿ ನಮ್ಮನ್ನು ಎಷ್ಟು ಪಕ್ಕಕ್ಕೆ ತಳ್ಳಿದೆಯೆಂಬುದು ಗೊತ್ತಿರಲಿಲ್ಲ. ನಕ್ಷೆಯಲ್ಲಿ ಹಳದಿ ಮೂಡಿತು. ಅಕ್ಕ ಹುಬ್ಬು ಗಂಟಿಕ್ಕಿ, ಅದು ತಪ್ಪಿರಬೇಕೆಂಬಂತೆ ನೋಡಿದಳು. ಹಳದಿ ಕೆಂಪಾಯಿತು.

"ಏಯ್! ಎತ್ತು! ಎತ್ತು ಮ್ಯಾಕೆ!"

ಅಕ್ಕನ ಕೈ ಎತ್ತಿತು. ನನ್ನ ಎರಡೂ ಕಾಲುಗಳು ತಾವಾಗಿಯೇ ಅಂಚೆಮೂಟೆಯ ಮೇಲೇರಿದವು. ಮೋಡ ಒಂದು ಕ್ಷಣ ಬಿರಿದಾಗ ನವಿಲುಗಲ್ಲಿನ ತುದಿ ನಮ್ಮ ಕೆಳಗೆ ಹಾದುಹೋಯಿತು. ಒದ್ದೆ ಹುಲ್ಲು, ಮಳೆಯಲ್ಲಿ ಕಪ್ಪಾದ ಬಂಡೆ, ಅದರ ಮೇಲೆ ಮೈ ಕೊಡವುತ್ತಿದ್ದ ಒಂದು ನವಿಲು. ಅದರ ಕತ್ತಿನ ಬಣ್ಣ ಕಾಣುವಷ್ಟು ಹತ್ತಿರ. ಆಮೇಲೆ ಮತ್ತೆ ಬಿಳಿ. ಅಕ್ಕ ಗಾಡಿಯನ್ನು ಇನ್ನೂ ಮೇಲೇರಿಸಿದಳು. ಆಗ ಗುಡ್ಡ ಅಕ್ಕರೆಯಿಂದ ಹೇಳಿತು: "ಬನ್ನಿ ಸ್ವಾಮಿ, ಬನ್ನಿ." ನಾವಿಬ್ಬರೂ ಒಟ್ಟಿಗೇ ನಕ್ಕೆವು, ನಗುತ್ತಾ ಅಕ್ಕನ ಕಣ್ಣಲ್ಲಿ ನೀರು ಬಂತು. ಸುತ್ತು ಹಾಕಿ, ಕಣಿವೆ ತೆರೆಯುವವರೆಗೆ ಕಾದು, ಪಟ್ಟಿಯಲ್ಲಿ ಇಳಿದೆವು. ಕುರಿಗಳು ನೆನೆದುಕೊಂಡೇ ಸಾಲಾಗಿ ನಿಂತು ನೋಡಿದವು.

ಒದ್ದೆ ಬಟ್ಟೆಯಲ್ಲೇ ಚಿಕ್ಕವ್ವನ ಮನೆಗೆ ಓಡಿದೆವು. ಅಕ್ಕ ಅಡುಗೆಮನೆಯ ಬಾಗಿಲಲ್ಲೇ ಅವರ ಕಾಲು ಹಿಡಿದಳು.

"ಚಿಕ್ಕವ್ವ, ನೀನು ಬೈದೆ, ನಾವು ಬದುಕಿದ್ವಿ."

"ನಾನೆಲ್ಲಿ ಬೈದೆ? ಆಗ್ಲಿಂದ ಸಾರಿಗೆ ಒಗ್ಗರಣೆ ಹಾಕ್ತಾ ಇಲ್ಲೇ ಕುಂತಿವ್ನಿ," ಎಂದರು ಚಿಕ್ಕವ್ವ. "ಬೈದಿದ್ರೆ ಗುಡ್ಡ ಬೈದಿರ್ಬೇಕು. ಅದ್ಕೆ ವಸಿ ಬಾಯಿ ಜೋರು. ಏಳವ್ವ, ತಲೆ ಒರೆಸ್ಕೊ. ಸಂಡಿಗೆ ಕರ್ದಿವ್ನಿ."

ಅವೇ ಸಂಡಿಗೆಗಳು. ಸುದ್ದಿ ಕೇಳಿ ಅಷ್ಟರಲ್ಲಿ ಅರ್ಧ ಊರೇ ಅಲ್ಲಿ ಸೇರಿತ್ತು. ನಾನು ಎರಡು ಸಲ ಕೇಳಿ ಹಾಕಿಸಿಕೊಂಡೆ. ಅಷ್ಟು ಜನರ ಮುಂದೆ ಬಾಯಿ ಬಿಟ್ಟು ಕೇಳಿದ್ದು ಅದೇ ಮೊದಲು.

ಹಿಂದಿನವರೇ, ನಿಮ್ಮಲ್ಲಿ ಯಾರಾದರೂ ಸಣ್ಣ ವಿಮಾನ ಹಾರಿಸುವವರಿದ್ದರೆ ನನ್ನದೊಂದು ಕೋರಿಕೆ. ನಿಮ್ಮ ಯಂತ್ರದ ದನಿ ಒರಟಾಗಿರಬಹುದು, ಪರಭಾಷೆಯದಾಗಿರಬಹುದು, ಕೆಲವು ಸಲ ಸುಮ್ಮನೆ ಕೂಗಿರಲೂಬಹುದು. ಆದರೂ ಅದರ ಬಾಯಿ ಮುಚ್ಚಿಸಬೇಡಿ. ನಿಮ್ಮ ಬೆಟ್ಟಗಳು ಹೇಗಿವೆಯೆಂದು ಅದಕ್ಕೆ ಆಗಾಗ ಹೊಸದಾಗಿ ತಿಳಿಸುತ್ತಿರಿ. ಅದು ಎತ್ತು ಎಂದರೆ ಮೊದಲು ಎತ್ತಿ. ಏಕೆಂದು ಆಮೇಲೆ ಕೇಳಿ. ಗುಡ್ಡ ನಿಮಗೆ ಎಷ್ಟು ಗೊತ್ತಿದ್ದರೂ ಸರಿಯೇ. ನಮ್ಮಕ್ಕನಿಗೂ ಗೊತ್ತಿತ್ತು.

ಹೊರಗೆ ಮಳೆ ನಿಂತಿದೆ. ಅಕ್ಕ ಗಾಡಿ ಒರೆಸುತ್ತಾ ಹಾಡಿಕೊಳ್ಳುತ್ತಿದ್ದಾಳೆ. ನಾಳೆ ಅವಳು ಮೇಷ್ಟ್ರನ್ನು ಕರೆತರಬೇಕು. ಈ ಕಾಗದ ಮುಗಿಸುವಾಗ ನಿಮ್ಮನ್ನು ಹೇಗೆ ಕಳಿಸಿಕೊಡಲಿ ಎಂದು ಯೋಚಿಸಿದೆ. ನಮ್ಮೂರಿನಲ್ಲಿ ಯಾರಿಗೂ ಹೋಗು ಎನ್ನುವುದಿಲ್ಲವಲ್ಲ. ಆದ್ದರಿಂದ ನಮ್ಮ ಗುಡ್ಡದ ಮಾತನ್ನೇ ಹೇಳುತ್ತೇನೆ.

ಬನ್ನಿ ಸ್ವಾಮಿ, ಬನ್ನಿ. ವಸಿ ಮ್ಯಾಲಿಂದ ಬನ್ನಿ.

ನಿಮ್ಮ,
ಹೊನ್ನಾಜಮ್ಮ